ಹತ್ತಿರದ ಪಟ್ಟಿ

ಮಾರ್ಚ್ 4, ಸೋಮವಾರ

ಈ ಪುಸ್ತಕ ಅಕ್ಕ ಕೊಟ್ಟದ್ದು. "ಬಾಯಿಗೆ ಬಂದದ್ದನ್ನೆಲ್ಲ ಜನರ ಮುಖಕ್ಕೆ ಹೇಳೋ ಬದಲು ಇದರಲ್ಲಿ ಬರಿ. ಇದಕ್ಕೆ ಬೇಜಾರಾಗಲ್ಲ" ಎಂದಳು.

ಅವಳ ಆಫೀಸಿನಲ್ಲಿ ಇಂದು ನನ್ನ ಮೊದಲ ದಿನ. ಇದು ನಾಲ್ಕನೆಯ ಕೆಲಸ. ಹಿಂದಿನ ಮೂರನ್ನೂ ನಾನೇ ಬಿಟ್ಟೆ ಎಂದು ಅಮ್ಮ ನೆಂಟರಿಗೆ ಹೇಳುತ್ತಾಳೆ. ಅದು ಸರಿಯಲ್ಲ. ಒಂದನ್ನು ನಾನು ಬಿಟ್ಟೆ, ಎರಡು ನನ್ನನ್ನು ಬಿಟ್ಟವು. ಮೊಬೈಲ್ ಅಂಗಡಿಯಲ್ಲಿ ಗಿರಾಕಿಯೊಬ್ಬರು "ಬ್ಯಾಟರಿ ಹೊಸದಾ?" ಎಂದು ಕೇಳಿದರು. "ಅಲ್ಲ" ಎಂದೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೇ.

ಆಫೀಸು ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ದವಾಖಾನೆಗಳು, ಲ್ಯಾಬುಗಳು, ಸಣ್ಣ ಕಾರ್ಖಾನೆಗಳ ಕಂಪ್ಯೂಟರುಗಳನ್ನು ಇಲ್ಲಿ ಕುಳಿತೇ ನೋಡಿಕೊಳ್ಳುತ್ತಾರೆ. ಯಜಮಾನರನ್ನು ಎಲ್ಲರೂ ಹೆಡ್ಮಾಸ್ತರು ಎನ್ನುತ್ತಾರೆ, ಎದುರಿಗೂ ಅದನ್ನೇ. ಸ್ಕೂಲು ಬಿಟ್ಟು ಓಡಿದವನಿಗೆ ಹೆಡ್ಮಾಸ್ತರೇ ಗಂಟುಬಿದ್ದರು.

ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು, "ಸ್ಕೂಲ್ ಯಾಕೆ ಬಿಟ್ಟೆ?" ಎಂದರು.

"ಪ್ರಯೋಗದಲ್ಲಿ ನನಗೆ ಬಂದ ಉತ್ತರ ಬೇರೆ, ಪುಸ್ತಕದ ಉತ್ತರ ಬೇರೆ. ಪುಸ್ತಕದ್ದೇ ಬರಿ ಅಂದ್ರು. ಬರೀಲಿಲ್ಲ."

"ಅಷ್ಟಕ್ಕೇನಾ?"

"ಅಲ್ಲ. ಕೂತ್ಕೊಳ್ಳೋಕೂ ಆಗ್ತಿರಲಿಲ್ಲ."

"ಇಲ್ಲಿ ಇಡೀ ದಿನ ಕೂರೋದೇ ಕೆಲ್ಸ."

"ಅದೂ ಆಗಲ್ಲ ಅನ್ಸುತ್ತೆ."

ಆಚೆ ಮೇಜಿನಲ್ಲಿದ್ದ ಅಕ್ಕ ಹಣೆ ಹಿಡಿದುಕೊಂಡಳು. ಹೆಡ್ಮಾಸ್ತರು ಮಾತ್ರ ನಕ್ಕು, ಮೇ ಕೊನೆಯವರೆಗೆ ಟ್ರಯಲ್ ಎಂದರು.

ಮನೆಗೆ ಬರುವಾಗ ಅಕ್ಕ ಬಸ್ಸಿನಿಂದ ಇಳಿದ ಮೇಲೆ ಹೇಳಿದಳು. ಜೂನ್ ತಿಂಗಳಲ್ಲಿ ನದಿಯಾಚೆ ಎರಡನೆಯ ಆಫೀಸು ತೆಗೆಯುತ್ತಾರೆ, ಅದನ್ನು ಅವಳ ಕೈಗೆ ಕೊಡುತ್ತಾರೆ. ಅವಳು ಇದಕ್ಕಾಗಿ ವರ್ಷಗಳಿಂದ ಕಾದಿದ್ದಾಳೆಂದು ನನಗೆ ಗೊತ್ತು. "ಅಲ್ಲೀತನಕ ನನ್ನ ಹೆಸರು ಕೆಡಿಸಬೇಡ ಕಣೋ. ಇಷ್ಟೇ ನಾನು ಕೇಳೋದು."

ಆಯಿತು ಎಂದೆ.

ಮಾರ್ಚ್ 7, ಗುರುವಾರ

ಬೇಸರ. ಕಾಲು ತಾನಾಗಿ ಕುಣಿಯುತ್ತದೆ. ನನ್ನ ಕಾಲಿನ ದೆಸೆಯಿಂದ ಪಕ್ಕದ ಮೇಜಿನ ಪ್ರಿಂಟರಿಗೆ ಚಳಿಜ್ವರ ಬಂದಿದೆ ಎಂದು ಅಲ್ಲಿಯವನು ದೂರು ಹೇಳಿದ. ನೀರು ಕುಡಿಯುವ ನೆಪದಲ್ಲಿ ಎದ್ದು ಎದ್ದು, ಈಗ ಹೊಟ್ಟೆಯ ತುಂಬ ನೀರು. ಈ ವಾರ ಕಳೆದರೆ ಬಿಟ್ಟುಬಿಡುತ್ತೇನೆ.

ಮಾರ್ಚ್ 8, ಶುಕ್ರವಾರ

ಅಕ್ಕ ಇಂದು ಕೆಲಸ ಕಲಿಸಿದಳು. ಬರೆದರೆ ಮಾತ್ರ ನನಗೆ ತಲೆಯಲ್ಲಿ ಉಳಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂದೊಂದು ಕಂಪ್ಯೂಟರಿನ ಹತ್ತಿರ ಹೋಗಿ ಅದೇ ಕೆಲಸವನ್ನು ಮಾಡುವ ಬದಲು, ಏನು ಮಾಡಬೇಕೆಂದು ಒಂದು ಸಲ ಬರೆದಿಡುತ್ತಾರೆ. ಅದು ಸ್ಕ್ರಿಪ್ಟ್. ಅದು ಎಲ್ಲ ಕಡೆ ತಾನೇ ಹೋಗಿ ಮಾಡಿ ಬರುತ್ತದೆ. ಎಲ್ಲ ಯಂತ್ರಗಳಿಗೂ ಸೇರಿದ್ದನ್ನು ಒಂದು ಸಾಮಾನ್ಯ ಫೈಲಿನಲ್ಲಿ ಬರೆಯುತ್ತಾರೆ. ಯಾವುದಾದರೂ ಒಂದು ಯಂತ್ರಕ್ಕೆ ಮಾತ್ರ ಬೇಕಾದದ್ದನ್ನು ಅದರದೇ ಫೈಲಿನಲ್ಲಿ ಬರೆಯುತ್ತಾರೆ. ದಿನವೂ ಯಾವ ಯಾವ ಫೋಲ್ಡರುಗಳನ್ನು ನಮ್ಮ ಕಡೆಗೆ ನಕಲು ಮಾಡಿಟ್ಟುಕೊಳ್ಳಬೇಕು ಎಂಬುದಕ್ಕೆ ಒಂದು ಪಟ್ಟಿ ಇದೆ. ಅದಕ್ಕೊಂದು ಹೆಸರಿದೆ. ಸ್ಕ್ರಿಪ್ಟು ಆ ಹೆಸರು ಹಿಡಿದು ಕರೆದರೆ ಪಟ್ಟಿಯಲ್ಲಿರುವವರೆಲ್ಲ ಸಾಲಾಗಿ ಬರುತ್ತಾರೆ.

ದಾರಿಗಳ ವಿಷಯದಲ್ಲಿ ಅಕ್ಕ ಬಹಳ ಕಟ್ಟುನಿಟ್ಟು. ಫೈಲು ಎಲ್ಲಿದೆ ಎಂಬುದೇ ದಾರಿ. ಮನೆ/ಕೋಣೆ/ಬೀರು/ಅರೆ ಎಂದು ನಡುವೆ ಓರೆಗೆರೆ ಹಾಕುತ್ತ ಬರೆದ ಹಾಗೆ.

"ಮನೆ ಯಾವುದು ಅಂತ ಮೇಲೆ ಒಂದೇ ಸಲ ಬರಿ. ಪಟ್ಟಿಯಲ್ಲಿ ಬರೀ ಕೋಣೆಗಳ ಹೆಸರು. ಎರಡನ್ನೂ ಜೋಡಿಸೋದು ಸ್ಕ್ರಿಪ್ಟಿನ ಕೆಲ್ಸ. ಎಲ್ಲಾ ಸಾಲಲ್ಲೂ ಪೂರ್ತಿ ವಿಳಾಸ ಬರೆದ್ರೆ, ನಾಳೆ ಮನೆ ಬದಲಾದಾಗ ಎಷ್ಟು ಕಡೆ ತಿದ್ತೀಯಾ?"

"ಹುಡುಕಿ ಬದಲಾಯಿಸೋದಪ್ಪ."

"ಒಂದು ಉಳಿದುಹೋಗುತ್ತೆ. ಉಳಿದುಹೋಗೋದು ಯಾವಾಗಲೂ ಮುಖ್ಯವಾದದ್ದೇ."

ಅವಳು ಪಾತ್ರೆ ತೊಳೆದಿಡುವುದೂ ಹೀಗೆಯೇ, ದೊಡ್ಡದರಿಂದ ಚಿಕ್ಕದಕ್ಕೆ. ನನಗೆ ಅದನ್ನು ನೋಡಿದರೇ ಮೈಯೆಲ್ಲ ತುರಿಸಿದಂತಾಗುತ್ತದೆ.

ಮಾರ್ಚ್ 12, ಮಂಗಳವಾರ

ಮೊದಲ ಸಲ ನಾನೇ ಬರೆದೆ.

ನಮ್ಮ ಗಿರಾಕಿಗಳಲ್ಲಿ ಕೃತಕ ಕಾಲು ಮಾಡುವ ಒಂದು ಕಾರ್ಯಾಗಾರವಿದೆ. ಅವರು ಹೊಸ ಸ್ಕ್ಯಾನರ್ ಕೊಂಡಿದ್ದಾರೆ. ಅದು ತನ್ನ ಚಿತ್ರಗಳನ್ನು ಬೇರೆಯೇ ಫೋಲ್ಡರಿನಲ್ಲಿ ಹಾಕುತ್ತದೆ. ಆ ಫೋಲ್ಡರನ್ನೂ ನಕಲಿನ ಪಟ್ಟಿಗೆ ಸೇರಿಸು ಎಂದು ಅಕ್ಕ ಹೇಳಿದಳು. ಆ ಯಂತ್ರದ ಸ್ವಂತ ಫೈಲು ತೆರೆದು, ಅದೇ ಹೆಸರಿನ ಪಟ್ಟಿ ಮಾಡಿ, ಹೊಸ ಫೋಲ್ಡರಿನ ಹೆಸರೊಂದನ್ನು ಬರೆದೆ. ಎರಡು ನಿಮಿಷದ ಕೆಲಸ.

ಟ್ರಯಲ್‌ನಲ್ಲಿರುವವರು ಬರೆದದ್ದನ್ನು ಇನ್ನೊಬ್ಬರು ಓದಿ, ತಮ್ಮ ಹೆಸರಿನಲ್ಲಿ ಕಳುಹಿಸಬೇಕು. ಅಕ್ಕ ಎರಡು ಫೋನುಗಳ ನಡುವೆ ಇದ್ದಳು. "ಮಾಡಿದ್ಯಾ?" ಎಂದಳು. "ಹೂಂ" ಎಂದೆ. ಕಳುಹಿಸಿದಳು. ಪರದೆಯ ಮೇಲೆ ಹಸಿರು ಗುರುತು ಬಂತು. ಹೆಡ್ಮಾಸ್ತರು ದೂರದಿಂದಲೇ ಹೆಬ್ಬೆರಳು ಎತ್ತಿದರು.

ಇಷ್ಟಕ್ಕೆ ಇವರು ಇಷ್ಟು ವರ್ಷ ಓದಿದರೇ ಅನ್ನಿಸಿತು.

ಮಾರ್ಚ್ 21, ಗುರುವಾರ

ಬಿಟ್ಟುಬಿಡುತ್ತೇನೆ. ಸೈಕಲ್ ಅಂಗಡಿಯವನಿಗೆ ಸಹಾಯಕ ಬೇಕಂತೆ. ಅಲ್ಲಿ ನಿಂತು ಕೆಲಸ ಮಾಡಬಹುದು.

ಏಪ್ರಿಲ್ 2, ಮಂಗಳವಾರ

ಇನ್ನೂ ಬಿಟ್ಟಿಲ್ಲ. ಅಕ್ಕ ನದಿಯಾಚೆಯ ಕೋಣೆಗಳನ್ನು ನೋಡಿ ಬಂದಳು. ಮೇಜು ಎಲ್ಲಿ, ಕಿಟಕಿ ಎಲ್ಲಿ ಎಂದು ಊಟದ ತಟ್ಟೆಯ ಮೇಲೆ ಚಮಚ, ಉಪ್ಪಿನ ಡಬ್ಬಿ ಇಟ್ಟು ಅಮ್ಮನಿಗೆ ತೋರಿಸಿದಳು. ಅವಳು ಇಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. "ಕಿಟಕಿಗೆ ಬಿಸಿಲು ಹೊಡೆಯುತ್ತೆ, ಕಂಪ್ಯೂಟರ್ ಪರದೆ ಕಾಣಲ್ಲ" ಎಂದೆ. ನಿಜವಾಗಿಯೂ ಆ ಕಡೆ ಪಶ್ಚಿಮವೇ. ಅಕ್ಕ ಚಮಚ ಎತ್ತಿಟ್ಟುಬಿಟ್ಟಳು.

ಏಪ್ರಿಲ್ 16, ಮಂಗಳವಾರ

ಕಾಲಿನ ಕಾರ್ಯಾಗಾರದ ಕಂಪ್ಯೂಟರಿನ ಡಿಸ್ಕ್ ಬೆಳಿಗ್ಗೆ ಕೆಟ್ಟುಹೋಯಿತು. ಅದೇನೂ ದೊಡ್ಡ ಸಂಗತಿಯಲ್ಲ, ನಕಲು ಇರುತ್ತದೆ ಎಂದರು. ಹೊಸ ಡಿಸ್ಕ್ ಹಾಕಿ ನಕಲನ್ನು ಹಿಂದಕ್ಕೆ ತಂದರು.

ಹೊಸ ಸ್ಕ್ಯಾನರಿನ ಫೋಲ್ಡರೊಂದೇ ಬಂತು. ಬೇರೇನೂ ಬರಲಿಲ್ಲ.

ಸಾಮಾನ್ಯ ಫೈಲಿನ ಪಟ್ಟಿಗೂ ಯಂತ್ರದ ಸ್ವಂತ ಫೈಲಿನ ಪಟ್ಟಿಗೂ ಹೆಸರು ಒಂದೇ ಆಗಿದ್ದರೆ ಎರಡೂ ಸೇರುವುದಿಲ್ಲ. ಹತ್ತಿರದ ಪಟ್ಟಿ, ಅಂದರೆ ಯಂತ್ರದ ಸ್ವಂತದ್ದು, ಗೆಲ್ಲುತ್ತದೆ. ದೂರದ್ದು ಇದ್ದೂ ಇಲ್ಲದಂತೆ. ಒಂದೇ ಫೋಲ್ಡರಿನ ಹೆಸರಿದ್ದ ಆ ಪಟ್ಟಿಯನ್ನು ನಾನು ಬರೆದ ದಿನದಿಂದ ಆ ಯಂತ್ರದಲ್ಲಿ ಆ ಒಂದು ಫೋಲ್ಡರು ಮಾತ್ರ ನಕಲಾಗುತ್ತಿತ್ತು. ಹೇಳಿದ ಕೆಲಸವನ್ನು ಮಾಡಿದ್ದೇನೆಂದು ಸ್ಕ್ರಿಪ್ಟು ದಿನವೂ ಹಸಿರು ತೋರಿಸುತ್ತಿತ್ತು. ಪಟ್ಟಿಯಲ್ಲಿಲ್ಲದ್ದರ ಹಳೆಯ ನಕಲುಗಳನ್ನು ತಿಂಗಳಾದ ಮೇಲೆ ಜಾಗ ಉಳಿಸಲೆಂದು ನಮ್ಮ ಯಂತ್ರವೇ ಅಳಿಸುತ್ತದೆ. ಅಳಿಸಿತ್ತು.

ಹೋದದ್ದು ಜನರ ಕಾಲಿನ ಅಳತೆಗಳು. ತುಂಡಾಗಿ ಉಳಿದ ಕಾಲು ಕೂರುವ, ಕೃತಕ ಕಾಲಿನ ಬಟ್ಟಲಿನ ನಕ್ಷೆಗಳು, ಎಲ್ಲಿ ಒತ್ತುತ್ತದೆ, ಎಲ್ಲಿ ಒಂದು ಕೂದಲೆಳೆ ಸಡಿಲ ಬೇಕು ಎಂದು ತಿಂಗಳುಗಟ್ಟಲೆ ತಿದ್ದಿದ್ದು. ಅರ್ಧ ತಯಾರಾದ ಕಾಲುಗಳು ಗೋಡೆಗೆ ಒರಗಿ ನಿಂತಿವೆಯಂತೆ, ಯಾರದ್ದು ಯಾವುದೆಂದು ಗೊತ್ತು, ಮುಂದೇನು ಮಾಡಬೇಕೆಂದು ಗೊತ್ತಿಲ್ಲ.

ಏಪ್ರಿಲ್ 17, ಬುಧವಾರ

ಎಲ್ಲರನ್ನೂ ಕೂರಿಸಿ ಹೆಡ್ಮಾಸ್ತರು ಕೇಳಿದರು, "ಇದನ್ನ ಬರೆದದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನಾನು ಸರ್. ಅವಸರದಲ್ಲಿ ಬರೆದೆ" ಎಂದಳು. ಮೇಜಿನ ಕೆಳಗೆ ನನ್ನ ಪಾದವನ್ನು ತುಳಿದು ಹಿಡಿದಿದ್ದಳು. ದಾಖಲೆಯಲ್ಲೂ ಅವಳದೇ ಹೆಸರು.

ಹೆಡ್ಮಾಸ್ತರು ಕೂಗಾಡಲಿಲ್ಲ. "ನದಿಯಾಚೆಯ ವಿಷಯ ಈಗ ಮಾತಾಡೋದು ಬೇಡ" ಎಂದರು, ಅಷ್ಟೇ.

ಪಾದ ಇನ್ನೂ ನೋಯುತ್ತಿದೆ. ನಾನು ಆಗಲೇ ಯಾಕೆ ಮಾತಾಡಲಿಲ್ಲ? ಗೊತ್ತಿಲ್ಲ. ಇಡೀ ದಿನ ಒಂದು ಕಡೆ ನಿಲ್ಲಲಾಗಲಿಲ್ಲ.

ಏಪ್ರಿಲ್ 18, ಗುರುವಾರ

ಹೇಳಿಬಿಟ್ಟೆ. ಬಾಗಿಲು ಕೂಡ ತಟ್ಟದೆ ಒಳಗೆ ಹೋಗಿ, "ಆ ಪಟ್ಟಿ ಬರೆದದ್ದು ಅಕ್ಕ ಅಲ್ಲ, ನಾನು" ಎಂದೆ.

ಹೆಡ್ಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೂ ಒಬ್ಬ ತಮ್ಮ ಇದ್ದಾನೆ. ನನಗೋಸ್ಕರ ಒಂದಿನ ಹೀಗೆ ಬಂದು ನಿಂತವನಲ್ಲ."

"ನಾನು ಅಕ್ಕನಿಗೋಸ್ಕರ ಹೇಳ್ತಿಲ್ಲ ಸರ್. ನಿಜ ಹೇಳ್ತಿದ್ದೀನಿ."

"ಆಯ್ತಪ್ಪ. ನಿಜಾನೇ ಇರ್ಲಿ. ನಿಮ್ಮಕ್ಕ ಪುಣ್ಯ ಮಾಡಿದ್ಳು. ಹೋಗು, ಕೆಲ್ಸ ನೋಡು." ಎದ್ದು ಬಂದು ಬೆನ್ನು ತಟ್ಟಿದರು.

ಹುಟ್ಟಿದಾಗಿನಿಂದ ನಿಜ ಹೇಳಿ ಬೈಸಿಕೊಂಡಿದ್ದೇನೆ. ನಿಜ ಹೇಳಿ ಸುಳ್ಳುಗಾರನಾಗಿ, ಅದಕ್ಕೆ ಶಹಭಾಸ್ ಬೇರೆ ಪಡೆದದ್ದು ಇದೇ ಮೊದಲು.

ಏಪ್ರಿಲ್ 19, ಶುಕ್ರವಾರ

ಹೆಡ್ಮಾಸ್ತರು ಅಕ್ಕನನ್ನು ಕರೆದು, ಎಂಥ ತಮ್ಮ ನಿನಗೆ ಎಂದು ಹೊಗಳಿದರಂತೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ನನ್ನನ್ನ ಕೇಳದೆ ಯಾಕೆ ಹೋದೆ?"

"ನೀನು ನನ್ನನ್ನ ಕೇಳದೆ ಯಾಕೆ ಹೇಳ್ದೆ?"

"ನೀನು ಅಂತ ಗೊತ್ತಾದ್ರೆ ನಾಳೇನೇ ಮನೆಗೆ ಕಳಿಸ್ತಾರೆ ಕಣೋ. ನಾನಾದ್ರೆ ಬೈತಾರೆ, ಮರೀತಾರೆ."

"ಮರೀಲಿಲ್ಲವಲ್ಲ. ಜೂನ್ ಹೋಯ್ತು."

"ಹೋಗ್ಲಿ. ಹೆಸರು ಹಾಕಿದ್ದು ನಾನು. ಹೆಸರು ಯಾರದ್ದೋ ತಪ್ಪೂ ಅವರದ್ದೇ."

"ಅಲ್ಲ. ಬರೆದದ್ದು ನನ್ನ ತಪ್ಪು. ಓದದೆ ಹೆಸರು ಹಾಕಿದ್ದು ನಿಂದು. ನೀನು ನನ್ನದನ್ನ ಎತ್ಕೊಂಡು ನಿನ್ನದನ್ನ ಅದರಡಿ ಮುಚ್ಚಿಟ್ಟೆ."

ಹೇಳುವವರೆಗೆ ನನಗೂ ಅದು ಹೊಳೆದಿರಲಿಲ್ಲ. ಅವಳ ಮುಖ ನೋಡಿದ ಮೇಲೆ ನಿಜವೆಂದು ತಿಳಿಯಿತು. ಅವಳು ಒಳಗೆ ಹೋದಳು.

ಅಮ್ಮ ಲಾಂಡ್ರಿಯಲ್ಲಿ ದಿನವಿಡೀ ಹಾಸುಬಟ್ಟೆ ಮಡಚಿ ಬಂದು, ಇಲ್ಲಿ ನಮ್ಮ ಬಟ್ಟೆ ಮಡಚುತ್ತಿದ್ದಳು. "ಒಂದಿನ ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗುತ್ತೋ?" ಎಂದಳು.

ಬೀದಿಗೆ ಇಳಿದು, ಕಾಲು ಸೋಲುವವರೆಗೆ ನಡೆದು ಬಂದೆ.

ಏಪ್ರಿಲ್ 22, ಸೋಮವಾರ

ಕಾರ್ಯಾಗಾರದವರು ತಮ್ಮ ಜನರನ್ನೆಲ್ಲ ಮತ್ತೆ ಕರೆಸಿ ಅಳತೆ ತೆಗೆಯಬೇಕು. ಕೈಗೆ ಆಳು ಸಾಲದು, ಒಬ್ಬರನ್ನು ಕಳಿಸಿ ಎಂದರಂತೆ. ಹೆಡ್ಮಾಸ್ತರು ನನ್ನನ್ನು ಕಳಿಸಿದರು.

ಅಲ್ಲಿ ಪ್ಲಾಸ್ಟರಿನ ಪುಡಿ, ಅಂಟಿನ ವಾಸನೆ, ಕಿಟಕಿಯ ಕೆಳಗೆ ಸಾಲಾಗಿ ಪಾದಗಳು. ಅಚ್ಚು ತೆಗೆಯುವವರಿಗೆ ಐವತ್ತು ದಾಟಿದೆ. ಹೆಬ್ಬೆರಳು ಅಗಲ, ಮಾತು ಮೊಟಕು. ನಾನು ಅವರನ್ನು ಅಚ್ಚಿನವರು ಎಂದುಕೊಂಡಿದ್ದೇನೆ. ನನ್ನ ಕೆಲಸವೆಂದರೆ ಬಂದವರ ತೊಡೆಯನ್ನು ಎರಡು ಕೈಯಿಂದ ಹಿಡಿದು ಅಲುಗದಂತೆ ನೋಡಿಕೊಳ್ಳುವುದು. ಅವರು ಸ್ಕ್ಯಾನರನ್ನು ಕಾಲಿನ ಸುತ್ತ ನಿಧಾನವಾಗಿ ಸುತ್ತಿಸುತ್ತಾರೆ. ಒಂದಿಷ್ಟು ಅಲುಗಿದರೂ ಚಿತ್ರ ಕೆಡುತ್ತದೆ.

ಬೆಳಗಿನ ಚಿತ್ರಗಳೆಲ್ಲ ಕೆಟ್ಟವು. ಹಿಡಿದವನೇ ಅಲುಗುತ್ತಿದ್ದ.

"ಮೈಯಲ್ಲಿ ಇರುವೆ ಬಿಟ್ಕೊಂಡಿದ್ದೀಯೇನಪ್ಪ?" ಎಂದರು ಅಚ್ಚಿನವರು.

ಏಪ್ರಿಲ್ 24, ಬುಧವಾರ

ಬಸ್ ಕಂಡಕ್ಟರ್ ಹೆಂಗಸೊಬ್ಬರು ಬಂದಿದ್ದರು. ರಜೆ ಸಿಗದೆ ಎರಡು ಪಾಳಿಗಳ ನಡುವೆ ಓಡಿ ಬಂದಿದ್ದರು. ಹಳೆಯ ಬಟ್ಟಲು ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಹೊಸದು ಈ ವಾರ ಕೈಗೆ ಬರಬೇಕಿತ್ತು.

"ಇನ್ನೂ ಎಷ್ಟು ದಿನ?" ಎಂದು ಕೇಳಿದರು.

ಅಚ್ಚಿನವರು, "ಮೊದಲಿನಿಂದ ಅಲ್ವಾ ತಾಯಿ. ತಿಂಗಳು ಹಿಡಿಯುತ್ತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಲ್ಲಿ ಒಬ್ಳು ಹುಡುಗಿ ಇದ್ದಾಳಲ್ಲ. ಎಚ್ಚರದವಳು ಅಂದ್ಕೊಂಡಿದ್ದೆ. ಅವಳು ಮಾಡಿದ್ದಂತೆ" ಎಂದರು.

"ಅವಳಲ್ಲ. ಪಟ್ಟಿ ಬರೆದದ್ದು ನಾನು."

"ಅಲ್ಲಾಡಬೇಡ."

"ನಿಜವಾಗ್ಲೂ ನಾನೇ."

"ಗೊತ್ತಾಯ್ತು. ಅಲ್ಲಾಡಬೇಡ ಅಂದೆ."

ಕಂಡಕ್ಟರ್ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಾಲು ನನ್ನ ಕೈಯಲ್ಲಿತ್ತು. ಎದ್ದು ಹೋಗುವ ಹಾಗಿರಲಿಲ್ಲ, ಕಣ್ಣು ತಪ್ಪಿಸುವ ಹಾಗೂ ಇರಲಿಲ್ಲ. ಸುತ್ತು ಮುಗಿದ ಮೇಲೆ ಅವರು, "ನನಗೆ ಆರರ ಬಸ್ಸಿಗೆ ಟಿಕೆಟ್ ಕೊಡಬೇಕು, ಹಳೇ ಕಾಲಿನ ಆ ಕಡೆಯ ಪಟ್ಟಿ ಸ್ವಲ್ಪ ಬಿಗಿ ಮಾಡು" ಎಂದರು. ಮಾಡಿದೆ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 29, ಸೋಮವಾರ

ಇಂದು ಒಬ್ಬ ಮುದುಕರು. ಹಿಂದೆ ಫುಟ್‌ಬಾಲ್ ರೆಫರಿಯಾಗಿದ್ದರಂತೆ. "ಮೊದಲ ಸಲ ಅಳತೆ ಕೊಟ್ಟಾಗ ಇದಕ್ಕಿಂತ ಸಣ್ಣಗಿದ್ದೆ. ಈಗಿಂದೇ ಸರಿಯಾದ ಅಳತೆ. ನಿಮ್ಮ ಕಂಪ್ಯೂಟರು ನನ್ನ ಹಳೇ ಕಾಲನ್ನ ಮೈದಾನದಿಂದ ಹೊರಗೆ ಹಾಕಿದ್ದು ಒಳ್ಳೇದೇ ಆಯ್ತು" ಎಂದು ತಾವೇ ನಕ್ಕರು. ನಾವು ನಕ್ಕರೆ ಚಿತ್ರ ಕೆಡುತ್ತದೆಂದು ಅಚ್ಚಿನವರು ನನ್ನತ್ತ ಕಣ್ಣು ಬಿಟ್ಟರು.

ಬಿಡುವಿದ್ದಾಗ ಅಲ್ಲಿಯ ಹೊಸ ಡಿಸ್ಕಿನ ಫೋಲ್ಡರುಗಳನ್ನು ನೋಡಿದೆ. ಅಚ್ಚಿನವರು ಯಾವುದನ್ನು ಎಲ್ಲಿಡುತ್ತಾರೆ, ಯಾವುದಕ್ಕೆ ಏನು ಹೆಸರಿಡುತ್ತಾರೆ ಎಂದು ಕೇಳಿ ಬರೆದುಕೊಂಡೆ. ಮಧ್ಯಾಹ್ನದ ಊಟ ಮರೆತುಹೋಯಿತು. ಸಂಜೆ ಎದ್ದಾಗ ಸೊಂಟ ಹಿಡಿದುಕೊಂಡಿತ್ತು, ಯಾಕೋ ಗೊತ್ತಿಲ್ಲ.

ಮೇ 3, ಶುಕ್ರವಾರ

ಅಕ್ಕನನ್ನು ಬಸ್ ನಿಲ್ದಾಣದಲ್ಲಿ ಕಾದೆ. ಜೊತೆಗೆ ನಡೆಯುತ್ತ ಹೇಳಿದೆ.

"ಸೋಮವಾರ ಮತ್ತೆ ಹೆಡ್ಮಾಸ್ತರ ಹತ್ರ ಹೋಗ್ತೀನಿ. ಮೊದ್ಲು ನಿನಗೆ ಹೇಳ್ತಿದ್ದೀನಿ."

"ನಂಬಲ್ಲ ಅವ್ರು."

"ನಂಬೋ ತನಕ ಹೇಳ್ತೀನಿ."

"ನಂಬಿದ್ರೆ ನಾನು ಅವರ ಮುಖಕ್ಕೆ ಸುಳ್ಳು ಹೇಳಿದವಳಾಗ್ತೀನಿ. ಅದು ತಲೆಗೆ ಹೋಗಿದ್ಯಾ ನಿನಗೆ?"

"ಹೋಗಿದೆ."

"ಹೋಗಿಯೂ ಹೇಳ್ತೀಯಾ?"

ಅಚ್ಚಿನವರು ಅವಳ ಬಗ್ಗೆ ಆಡಿದ ಮಾತನ್ನು ಹೇಳಿದೆ. ಅವಳು ನಿಂತಳು. ಅಂಗಡಿಯ ಬೆಳಕು ಅವಳ ಅರ್ಧ ಮುಖದ ಮೇಲೆ ಬಿದ್ದಿತ್ತು.

"ನಾನು ಹೇಳಿದ್ರೆ ನೀನು ಸಿಕ್ಕಿಬಿದ್ದ ಹಾಗಾಗುತ್ತೆ. ನೀನೇ ಹೇಳಿದ್ರೆ ಹಾಗಲ್ಲ. ಅದಕ್ಕೆ ಸೋಮವಾರದ ತನಕ ಕಾಯ್ತೀನಿ."

"ನನಗೆ ಬುದ್ಧಿ ಹೇಳೋಷ್ಟು ದೊಡ್ಡವನಾದ್ಯಾ?"

"ಇಲ್ಲ" ಎಂದೆ. ನಿಜವೇ, ಆಗಿಲ್ಲ.

ಮೇ 5, ಭಾನುವಾರ

ಅಕ್ಕ ಇಡೀ ದಿನ ಅಡುಗೆಮನೆಯ ಅರೆಗಳನ್ನು ಇಳಿಸಿ ಒರೆಸಿದಳು. ನಾನು ಡಬ್ಬಿಗಳನ್ನು ಎತ್ತಿಕೊಟ್ಟೆ. ಒಂದು ಮಾತೂ ಇಲ್ಲ. ಅಮ್ಮ ನಮ್ಮಿಬ್ಬರನ್ನೂ ನೋಡಿ, "ಎರಡು ಗೋಡೆ ಹೆತ್ತಿದ್ದೀನಿ" ಎಂದಳು.

ಮೇ 6, ಸೋಮವಾರ

ಮಧ್ಯಾಹ್ನದವರೆಗೆ ಕಾದೆ. ಅಕ್ಕ ತನ್ನ ಮೇಜಿನಿಂದ ಏಳಲಿಲ್ಲ. ನಾನು ಬಾಗಿಲು ತಟ್ಟಿ ಒಳಗೆ ಹೋದೆ.

"ಮತ್ತೆ ಅದೇನಾ?" ಎಂದರು ಹೆಡ್ಮಾಸ್ತರು.

"ಅದೇ ಸರ್. ನಂಬಬೇಡಿ, ಪ್ರಶ್ನೆ ಕೇಳಿ."

ಅವರಿಗೆ ತಮಾಷೆ ಅನ್ನಿಸಿತೇನೋ. "ಸರಿ. ಪಟ್ಟಿಗೆ ಅದೇ ಹೆಸರು ಯಾಕಿಟ್ಟೆ?"

"ಒಂದೇ ಹೆಸರಿದ್ರೆ ಎರಡೂ ಸೇರ್ಕೊಳ್ಳುತ್ತೆ ಅಂದ್ಕೊಂಡಿದ್ದೆ. ಒಂದೇ ಮನೆಯವರು ಅನ್ನೋ ಹಾಗೆ. ಬೇರೆ ಹೆಸರಿಟ್ರೆ ಸ್ಕ್ರಿಪ್ಟಿಗೆ ಗುರುತು ಸಿಗಲ್ಲ ಅಂತ ಬೇಕಂತಲೇ ಅಕ್ಷರ ಅಕ್ಷರ ನೋಡಿ ಅದೇ ಹೆಸರಿಟ್ಟೆ."

"ಹಸಿರು ಬಂದಾಗ ಏನೇನು ನಕಲಾಯ್ತು ಅಂತ ಒಳಗೆ ನೋಡ್ಲಿಲ್ವಾ?"

"ಒಳಗೆ ನೋಡಬಹುದು ಅಂತಲೇ ಗೊತ್ತಿರಲಿಲ್ಲ. ಹಸಿರು ಅಂದ್ರೆ ಸರಿ ಅಂದ್ಕೊಂಡೆ. ಈಗ ಗೊತ್ತು. ಹೇಳಿದ್ದನ್ನ ಮಾಡಿದ್ದೀನಿ ಅಂತ ಅಷ್ಟೇ ಅದರ ಅರ್ಥ."

ಹೆಡ್ಮಾಸ್ತರ ಮುಖದ ನಗು ಇಳಿಯುತ್ತ ಬಂತು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಇದು ನಿಮ್ಮಕ್ಕ ಮಾಡೋ ತಪ್ಪಲ್ಲ. ಈ ಪಾಠ ಅವಳಿಗೆ ಮೊದಲ ವರ್ಷವೇ ನಾನೇ ಹೇಳಿಕೊಟ್ಟದ್ದು. ಅವಳು ತಪ್ಪಿದ್ರೆ ಬೇರೆ ಥರ ತಪ್ತಾಳೆ" ಎಂದರು. ಆಮೇಲೆ ಬಾಗಿಲ ಕಡೆ ನೋಡಿದರು. ಅಕ್ಕ ಅಲ್ಲಿ ನಿಂತಿದ್ದಳು. ಯಾವಾಗ ಬಂದಳೋ ನಾನು ನೋಡಲಿಲ್ಲ.

"ಓದಿದ್ಯಾ ಇವನು ಬರೆದದ್ದನ್ನ?"

"ಇಲ್ಲ ಸರ್. ಓದಿದ್ರೆ ಗೊತ್ತಾಗ್ತಿತ್ತು. ಓದದೆ ಹೆಸರು ಹಾಕ್ದೆ. ಓದ್ಲಿಲ್ಲ ಅಂತ ಹೇಳೋದಕ್ಕಿಂತ ನಾನೇ ಬರೆದೆ ಅನ್ನೋದು ಸುಲಭ ಆಯ್ತು." ನನ್ನ ಕಡೆ ನೋಡದೆ, "ಇವನನ್ನ ಉಳಿಸ್ಬೇಕು ಅಂತಲೂ ಇತ್ತು. ಎರಡೂ ಇತ್ತು" ಎಂದಳು.

"ಬರೆಯುವಾಗ ಯಾರಾದ್ರೂ ತಪ್ತಾರೆ. ಅದಕ್ಕೇ ಓದೋರು ಬೇಕು. ಓದೋರೇ ಓದದಿದ್ರೆ ನಾನು ಯಾರನ್ನ ನಂಬ್ಲಿ?" ಹೆಡ್ಮಾಸ್ತರು ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹಾಕುತ್ತಿದ್ದ ಸದ್ದು. "ನದಿಯಾಚೆಯದನ್ನ ಮುಂದಕ್ಕೆ ಹಾಕಿದ್ದೀನಿ. ಯಾರಿಗೆ ಅಂತ ಈಗ ಹೇಳಲ್ಲ. ನಾಳೆಯಿಂದ ನೀನು ಬರೆದದ್ದನ್ನ ಇವನು ಓದಿ, ಸರಿ ಅಂತ ಹೆಸರು ಹಾಕದೆ ಯಾವ ಯಂತ್ರಕ್ಕೂ ಹೋಗಲ್ಲ."

"ಇವನಾ? ಇವನಿಗೇನು ಗೊತ್ತು ಸರ್?"

"ಏನೂ ಗೊತ್ತಿಲ್ಲ. ಆದ್ರೆ ಗೊತ್ತಿಲ್ಲದ್ದನ್ನ ಗೊತ್ತು ಅಂತ ಇವನು ಹೆಸರು ಹಾಕಲ್ಲ. ನೀನು ಕೂತು ಅರ್ಥ ಮಾಡಿಸ್ಬೇಕಾಗುತ್ತೆ. ಅದೇ ನಿನ್ನ ಶಿಕ್ಷೆ. ಇವನ ಟ್ರಯಲ್ಲು ವರ್ಷದ ಕೊನೆ ತನಕ. ಅದು ಇವನ ಶಿಕ್ಷೆ."

ಹೊರಗೆ ಬಂದ ಮೇಲೆ ಅಕ್ಕ ಮುಖ ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ.

ನಾನು ಹೇಳಿದ್ದು ನಿಜ. ಅವಳ ಜೂನ್ ಹೋದದ್ದೂ ನಿಜ. ಒಂದನ್ನು ಹೇಳಿದರೆ ಇನ್ನೊಂದು ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಮೇ 9, ಗುರುವಾರ

ಮನೆಯಲ್ಲಿ ಮಾತಿಲ್ಲ. ಉಪ್ಪು ಬೇಕಾದರೂ ಅಕ್ಕ ಅಮ್ಮನ ಮೂಲಕ ಕೇಳುತ್ತಾಳೆ. ಆಫೀಸಿನಲ್ಲಿ ಏನನ್ನೂ ಬರೆಯುತ್ತಿಲ್ಲ. ಬರೆದರೆ ನನಗೆ ತೋರಿಸಬೇಕಲ್ಲ.

ನಾನು ಅರ್ಧ ದಿನ ಕಾರ್ಯಾಗಾರ, ಅರ್ಧ ದಿನ ಆಫೀಸು. ಅವಳ ಹಳೆಯ ಸ್ಕ್ರಿಪ್ಟುಗಳನ್ನು ಮೊದಲಿನಿಂದ ಓದುತ್ತಿದ್ದೇನೆ. ಎಷ್ಟು ಅಚ್ಚುಕಟ್ಟಾಗಿ ಬರೆಯುತ್ತಾಳೆ. ಮನೆಯ ಹೆಸರು ಮೇಲೆ ಒಂದೇ ಸಲ, ಕೆಳಗೆ ಕೋಣೆಗಳು. ಸಾಮಾನ್ಯ ಪಟ್ಟಿಗೆ ಒಂದು ಹೆಸರು, ಯಂತ್ರದ ಹೆಚ್ಚುವರಿ ಪಟ್ಟಿಗೆ ಬೇರೆ ಹೆಸರು, ಎರಡನ್ನೂ ಕೂಡಿಸುವ ಸಾಲು ಬೇರೆ. ಬೇರೆ ದವಾಖಾನೆಗಳಿಗೆಲ್ಲ ಅವಳು ಹೀಗೆಯೇ ಮಾಡಿದ್ದಳು. ಪಕ್ಕದ ಫೈಲು ತೆರೆದು ನೋಡಿದ್ದರೆ ನನಗೂ ಸಿಗುತ್ತಿತ್ತು.

ಮೇ 14, ಮಂಗಳವಾರ

ಕಂಡಕ್ಟರ್ ಅವರಿಗೆ ಹೊಸ ಬಟ್ಟಲು ಹಾಕಿ ನೋಡಿದರು. ಇನ್ನೂ ಎರಡು ಸಲ ತಿದ್ದಬೇಕಂತೆ. ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆದರು. ನಾನು ಜೊತೆಗೇ ನಡೆದೆ.

ಮೇ 15, ಬುಧವಾರ

ಅಕ್ಕ ಇಂದು ಬರೆದಳು. ಕಾಲಿನ ಕಾರ್ಯಾಗಾರಕ್ಕೇ. ಹೊಸ ಡಿಸ್ಕಿನ ಫೋಲ್ಡರುಗಳೆಲ್ಲ ನಕಲಿನ ಪಟ್ಟಿಯಲ್ಲಿ, ಬೇಡವಾದ ಹಳೆಯ ಚೂರುಗಳನ್ನು ಅಳಿಸಲು ಇನ್ನೊಂದು ಪಟ್ಟಿ. ನನ್ನ ಪರದೆಗೆ ಕಳಿಸಿದಳು.

ಬೆಳಿಗ್ಗೆ ಕುಳಿತವನು ಓದುತ್ತಲೇ ಇದ್ದೆ. ಒಂದೊಂದು ಹೆಸರನ್ನೂ ಅಚ್ಚಿನವರನ್ನು ಕೇಳಿ ಬರೆದುಕೊಂಡದ್ದರ ಜೊತೆ ಹೋಲಿಸಿದೆ. ಎರಡು ಕಡೆ ಸಂಶಯ ಬಂತು. ಎದ್ದು ನೋಡಿದರೆ ಅಕ್ಕ ಡಬ್ಬಿ ತೆರೆದು ಊಟಕ್ಕೆ ಕುಳಿತಿದ್ದಳು. ಮುಗಿಸಲಿ ಎಂದು ಮತ್ತೆ ಕುಳಿತು, ಅವೆರಡು ಸಾಲುಗಳನ್ನೇ ಓದಿದೆ. ಅವಳು ಕೈತೊಳೆದು ಬಂದ ಮೇಲೆ ಅವಳ ಮೇಜಿನ ಹತ್ತಿರ ಹೋದೆ.

"ಎರಡು ಕಡೆ ನನಗೆ ಸರಿ ಕಾಣ್ತಿಲ್ಲ" ಎಂದೆ. ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಬಂತು ಧ್ವನಿ.

ಅವಳು ತಲೆ ಎತ್ತಲಿಲ್ಲ. "ಎಲ್ಲಿ?"

ಆ ಸೋಮವಾರದ ನಂತರ ನನ್ನ ಜೊತೆ ಆಡಿದ ಮೊದಲ ಮಾತು. ಅವಳ ಪರದೆಯ ಮೇಲೆಯೇ ತೋರಿಸಿದೆ. ಮೊದಲನೆಯದು ನನ್ನದೇ ತಪ್ಪು ತಿಳುವಳಿಕೆ. ಅವಳು ಒಂದೇ ಮಾತಿನಲ್ಲಿ ಬಿಡಿಸಿ ಹೇಳಿದಳು, ಒಪ್ಪಿದೆ. ಎರಡನೆಯದು ಅಳಿಸುವ ಪಟ್ಟಿಯಲ್ಲಿತ್ತು. ಒಂದು ಹೆಸರಿನ ಮೊದಲ ಅಕ್ಷರಕ್ಕೂ ಮೊದಲು ಓರೆಗೆರೆ ಉಳಿದಿತ್ತು.

"ಹೀಗಿದ್ರೆ ಜೋಡಿಸೋವಾಗ ಮೇಲಿನ ಮನೆಯ ಹೆಸರು ಬಿಟ್ಟುಹೋಗಲ್ವಾ? ಓರೆಗೆರೆಯಿಂದ ಶುರುವಾದ್ರೆ ಅದು ಇಡೀ ಯಂತ್ರದ ಬುಡದಿಂದಲೇ ಹೊರಡುತ್ತೆ ಅಂತ ನಿನ್ನ ಹಳೇ ಫೈಲಲ್ಲೇ ಬರೆದಿದ್ದೀಯ. ಆಗ ಇದು ಅಳಿಸೋದು ಬೇರೇದನ್ನಲ್ವಾ?"

ಅಕ್ಕ ಪರದೆಯ ಹತ್ತಿರ ಬಾಗಿದಳು. ಕಿವಿ ಕೆಂಪಾಯಿತು.

"ಬೇರೇದನ್ನ" ಎಂದಳು. "ಬೇರೆ ಕಡೆಯಿಂದ ಎತ್ತಿ ಹಾಕಿದ್ದೆ. ಗೆರೆ ಜೊತೆಗೇ ಬಂತು."

ಓರೆಗೆರೆಯನ್ನು ಅಳಿಸಿ ಮತ್ತೆ ಕಳಿಸಿದಳು. ನಾನು ನನ್ನ ಜಾಗಕ್ಕೆ ಬಂದು ಹೆಸರು ಹಾಕಲು ಹೊರಟಾಗ ಅವಳು ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತಳು.

"ತಿದ್ದಿದ ಮೇಲೆ ಓದಿದ್ಯಾ?"

"ಅದೊಂದು ಸಾಲು ನೋಡ್ದೆ."

"ಒಂದು ಸಾಲಲ್ಲ. ಮೇಲಿಂದ ಓದು. ನನಗೆ ಕೇಳೋ ಹಾಗೆ."

ಮೇಲಿನಿಂದ ಓದತೊಡಗಿದೆ. ಅಕ್ಷರ ಅಕ್ಷರ, ಓರೆಗೆರೆ ಓರೆಗೆರೆ. ಎಲ್ಲಿ ನಿಲ್ಲಿಸಿದೆನೋ ಅಲ್ಲಿ ಅವಳು ಅರ್ಥ ಹೇಳಿದಳು. ಅವಳ ಫೋನು ಎರಡು ಸಲ ಹೊಡೆದುಕೊಂಡಿತು. ಎತ್ತಲಿಲ್ಲ, ಬೋರಲು ಹಾಕಿದಳು.